ದೋಷವುಳ್ಳ ನಾಯಕನೂ ವಿಶ್ವಾಸಿಯ ಮನಸ್ಸಾಕ್ಷಿಯೂ

ಓದತಕ್ಕ ವೇದಭಾಗಗಳು: ಯೆಶಾಯ 44:24 ರಿಂದ 45:7, 2 ಸಮುವೇಲ 12:1-14, ಮಾರ್ಕ 6:17-29, ರೋಮಾಪುರದವರಿಗೆ 13:1-7, 1 ತಿಮೊಥೆ 2:1-4.



ಒಬ್ಬನು ಅಧಿಕಾರವನ್ನು ಬಯಸಿ ಜನರ ಮುಂದೆ ಬರುತ್ತಾನೆ. ಅವನ ಕೆಲವು ಕಾರ್ಯಗಳು ಹಿತವಾದವುಗಳೆಂದು ನಮಗೆ ತೋರುತ್ತವೆ. ಆದರೆ ಅವನ ನಾಲಿಗೆಯ ವಿಷಯವಾಗಿಯೂ ಮನೆವಾರ್ತೆಯ ವಿಷಯವಾಗಿಯೂ ಹಣಕಾಸಿನ ವಿಷಯವಾಗಿಯೂ ಬಹು ಜನರು ಬಹು ವಿಧವಾಗಿ ಮಾತಾಡುತ್ತಾರೆ. ಅಂಥವನಿಗೆ ಕ್ರಿಸ್ತನ ಶಿಷ್ಯನು ಬೆಂಬಲ ಕೊಡಬಹುದೋ? ಕೊಡಬಹುದಾದರೆ ಯಾವ ಮೇರೆಯ ವರೆಗೆ? ಇದು ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನೆನಸಬೇಡಿರಿ. ಮತದ ಪೆಟ್ಟಿಗೆಯು ಎಲ್ಲಿ ಇಡಲ್ಪಡುತ್ತದೋ ಅಲ್ಲಿ ಈ ಪ್ರಶ್ನೆಯು ನೇಗಿಲು ಹಿಡಿದವನ ಬಾಗಿಲಿಗೂ ಮಗ್ಗದ ಮುಂದೆ ಕುಳಿತವನ ಬಾಗಿಲಿಗೂ ಬಂದು ನಿಲ್ಲುತ್ತದೆ.

ಈ ತಿಂಗಳಿನ ಪಾಠಕ್ಕೆ ಅಮೇರಿಕಾ ದೇಶದ ಸಭೆಗಳ ಸಂಗತಿಯನ್ನು ತೆಗೆದುಕೊಂಡಿದ್ದೇವೆ. ದೂರ ದೇಶದ ಸಹೋದರರಿಗೆ ತೀರ್ಪುಮಾಡುವದಕ್ಕಾಗಿ ಅಲ್ಲ. ನೆರೆಯವನ ಹೊಲಕ್ಕೆ ಬಿದ್ದ ರೋಗವನ್ನು ನೋಡಿ ಒಕ್ಕಲಿಗನು ತನ್ನ ಪೈರನ್ನು ಹೇಗೆ ಪರೀಕ್ಷಿಸುವನೋ ಹಾಗೆಯೇ ನಾವೂ ನಮ್ಮನ್ನು ಪರೀಕ್ಷಿಸಿಕೊಳ್ಳುವದಕ್ಕಾಗಿಯೇ.

1. ನಡೆದ ಸಂಗತಿ

1998ನೆಯ ವರುಷದಲ್ಲಿ ಬಿಲ್ ಕ್ಲಿಂಟನ್ ಎಂಬವರು ಆ ದೇಶದ ಅಧ್ಯಕ್ಷರಾಗಿದ್ದರು. ಅಧ್ಯಕ್ಷ ಭವನದಲ್ಲಿ ಕೆಲಸಕ್ಕಿದ್ದ ಒಬ್ಬ ಯುವತಿಯೊಂದಿಗೆ ಅವರು ಅಯೋಗ್ಯವಾಗಿ ನಡೆದುಕೊಂಡು ಅದನ್ನು ಮರೆಮಾಡಿದರೆಂಬ ಸಂಗತಿಯು ಆಗ ಬಯಲಾಗುತ್ತಿತ್ತು. ಆ ವರುಷದ ಜೂನ್ ತಿಂಗಳಲ್ಲಿ ದಕ್ಷಿಣದ ಬ್ಯಾಪ್ಟಿಸ್ಟ್ ಸಭೆಗಳ ಮಹಾಕೂಟವು ಸಾಲ್ಟ್ ಲೇಕ್ ಪಟ್ಟಣದಲ್ಲಿ ಕೂಡಿ ಒಂದು ನಿರ್ಣಯವನ್ನು ಮಾಡಿತು. ನಾಯಕರ ಘೋರವಾದ ತಪ್ಪನ್ನು ಸಹಿಸಿಕೊಳ್ಳುವ ಜನಾಂಗದ ಮನಸ್ಸಾಕ್ಷಿಯು ಮೊದ್ದಾಗುವದೆಂತಲೂ, ಸಚ್ಚಾರಿತ್ರ್ಯವುಳ್ಳವರನ್ನೇ ಅಧಿಕಾರಕ್ಕೆ ಏರಿಸತಕ್ಕದ್ದೆಂತಲೂ ಅದರ ತಾತ್ಪರ್ಯವು.

ಹದಿನೆಂಟು ವರುಷ ಕಳೆದವು. 2016ರಲ್ಲಿ ಡೊನಾಲ್ಡ್ ಟ್ರಂಪ್ ಎಂಬವರು ಅಧ್ಯಕ್ಷ ಪದವಿಗೆ ನಿಂತರು. ಇವರು ಮೂರು ಸಾರಿ ಮದುವೆಯಾದವರು. ಜೂಜಿನ ಮಂದಿರಗಳನ್ನು ನಡಿಸಿದ್ದವರು. ಎದುರಾಳಿಗಳನ್ನು ಹೀಯಾಳಿಸಿ ಮಾತಾಡುವವರು. ಚುನಾವಣೆಗೆ ಒಂದು ತಿಂಗಳು ಉಳಿದಿರುವಾಗ, ಅವರು 2005ರಲ್ಲಿ ಸ್ತ್ರೀಯರ ವಿಷಯವಾಗಿ ಆಡಿದ್ದ ನಾಚಿಕೆಗೇಡಿನ ಮಾತುಗಳ ಧ್ವನಿಮುದ್ರಣವು ಹೊರಗೆ ಬಂತು. ಅದಕ್ಕಾಗಿ ಅವರು ಕ್ಷಮೆ ಕೇಳಿದರು. ಆದಾಗ್ಯೂ ಬಿಳಿಯ ಜನಾಂಗದ ಸುವಾರ್ತಾ ಪಂಗಡದವರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಅವರಿಗೇ ಮತ ಕೊಟ್ಟರೆಂದು ಅಂದಿನ ಎಣಿಕೆಗಳಿಂದ ತಿಳಿದುಬಂತು. 2024ರ ಮೇ 30ರಂದು ವ್ಯಾಪಾರದ ಲೆಕ್ಕಪತ್ರಗಳನ್ನು ಸುಳ್ಳಾಗಿ ಬರೆಸಿದ 34 ಆಪಾದನೆಗಳಲ್ಲಿ ನ್ಯೂಯಾರ್ಕ್ ಪಟ್ಟಣದ ಪಂಚರು ಅವರನ್ನು ದೋಷಿಯೆಂದು ತೀರ್ಮಾನಿಸಿದರು. ಅವರು ಆ ದೋಷವನ್ನು ಒಪ್ಪಲಿಲ್ಲ. ಆ ವರುಷದ ನವೆಂಬರಿನಲ್ಲಿ ಅವರು ತಿರಿಗಿ ಆರಿಸಲ್ಪಟ್ಟರು. ಆಗಲೂ ಅದೇ ಪಂಗಡದವರ ಮತಗಳು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಅವರಿಗೆ ಬಿದ್ದವು.

ಇಲ್ಲಿ ಇನ್ನೊಂದು ಎಣಿಕೆಯನ್ನು ಲಕ್ಷ್ಯಕ್ಕೆ ತರುವದು ಒಳ್ಳೇದು. ಸ್ವಂತ ಜೀವನದಲ್ಲಿ ದುರ್ನಡತೆಯುಳ್ಳವನು ಸಾರ್ವಜನಿಕ ಕೆಲಸದಲ್ಲಿ ನೀತಿಯಿಂದ ನಡೆಯಬಲ್ಲನೋ ಎಂದು ಒಂದು ಸಂಶೋಧನಾ ಸಂಸ್ಥೆಯು ಈ ಪಂಗಡದವರನ್ನು 2011ರಲ್ಲಿ ಕೇಳಿದಾಗ ನೂರಕ್ಕೆ 30 ಮಂದಿ ಬಲ್ಲನೆಂದರು. 2016ರಲ್ಲಿ ಅದೇ ಪ್ರಶ್ನೆಗೆ ನೂರಕ್ಕೆ 72 ಮಂದಿ ಬಲ್ಲನೆಂದರು. ಐದು ವರುಷಗಳಲ್ಲಿ ಸತ್ಯವೇದವು ಬದಲಾಗಲಿಲ್ಲ. ಅದರ ಒಂದು ಅಕ್ಷರವೂ ಅಳಿಯಲಿಲ್ಲ. ಹಾಗಾದರೆ ಬದಲಾದದ್ದು ಯಾವದು? ಈ ಪ್ರಶ್ನೆಯನ್ನು ಪಾಠದ ಕೊನೆಯ ವರೆಗೂ ಮನಸ್ಸಿನಲ್ಲಿಟ್ಟುಕೊಳ್ಳಿರಿ.

2. ಬೆಂಬಲಿಸಿದವರ ನ್ಯಾಯ

ಒಬ್ಬನ ಮಾತನ್ನು ಕೇಳುವದಕ್ಕೆ ಮುಂಚೆ ಅವನಿಗೆ ಉತ್ತರ ಕೊಡುವದು ಮೂಢತನವೆಂದು ಜ್ಞಾನೋಕ್ತಿಗಳು ಕಲಿಸುತ್ತವೆ. ಆದಕಾರಣ ಆ ಸಹೋದರರ ನ್ಯಾಯವನ್ನು ಸರಿಯಾಗಿ ಕೇಳೋಣ.

ಅವರು ಹೀಗೆನ್ನುತ್ತಾರೆ: ನಾವು ಆರಿಸುವದು ಸಭಾಪಾಲಕನನ್ನಲ್ಲ, ದೇಶಾಧಿಕಾರಿಯನ್ನು. ತಾಯಿಯ ಗರ್ಭದಲ್ಲಿರುವ ಶಿಶುವಿನ ಪ್ರಾಣವು ನಮಗೆ ದೊಡ್ಡದು. 1973ರಲ್ಲಿ ಶ್ರೇಷ್ಠ ನ್ಯಾಯಾಲಯವು ಗರ್ಭಪಾತವನ್ನು ಹಕ್ಕೆಂದು ತೀರ್ಪುಕೊಟ್ಟದ್ದರಿಂದ ಲಕ್ಷಾಂತರ ಶಿಶುಗಳು ಅಳಿದುಹೋದವು. ಈ ಮನುಷ್ಯನು ನಮ್ಮ ಮನಸ್ಸಿನ ನ್ಯಾಯಾಧಿಪತಿಗಳನ್ನು ನೇಮಿಸುವೆನೆಂದು ಮಾತುಕೊಟ್ಟಿದ್ದಾನೆ. ಎದುರು ಪಕ್ಷದವರು ಆ ಹಕ್ಕನ್ನು ಉಳಿಸುವವರು. ಹೀಗಿರಲಾಗಿ ನಾವು ಏನು ಮಾಡತಕ್ಕದ್ದು?

ಇದು ಹಗುರಾದ ಮಾತಲ್ಲ. ಟ್ರಂಪರು ತಮ್ಮ ಮೊದಲನೆಯ ಅವಧಿಯಲ್ಲಿ ಮೂವರು ನ್ಯಾಯಾಧಿಪತಿಗಳನ್ನು ನೇಮಿಸಿದರು. 2022ರ ಜೂನ್ 24ರಂದು ಆ ನ್ಯಾಯಾಲಯವು 1973ರ ತೀರ್ಪನ್ನು ರದ್ದುಮಾಡಿತು. ಕೊಟ್ಟ ಮಾತು ನೆರವೇರಿತೆಂದು ಅವರನ್ನು ಬೆಂಬಲಿಸಿದವರು ಹೇಳುವದು ಸತ್ಯವೇ.

ಈ ಸಂಕಟವು ಎಂಥದೆಂದು ವೇನ್ ಗ್ರೂಡಮ್ ಎಂಬ ದೇವಶಾಸ್ತ್ರಿಯ ದೃಷ್ಟಾಂತದಿಂದ ತಿಳಿಯಬಹುದು. 2016ರ ಜುಲೈ ತಿಂಗಳಲ್ಲಿ ಅವರು ಟ್ರಂಪರಿಗೆ ಮತಕೊಡುವದು ನೀತಿಯ ದೃಷ್ಟಿಯಲ್ಲಿ ಒಳ್ಳೇದೇ ಎಂದು ಲೇಖನ ಬರೆದರು. ಅಕ್ಟೋಬರಿನಲ್ಲಿ ಆ ಧ್ವನಿಮುದ್ರಣವು ಹೊರಬಿದ್ದಾಗ ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡರು. ಅಭ್ಯರ್ಥಿಯು ಹಿಂಜರಿಯಬೇಕೆಂದೂ ಹೇಳಿದರು. ಹತ್ತು ದಿನಗಳೊಳಗೆ ಮೂರನೆಯ ಲೇಖನವನ್ನು ಬರೆದು, ಮನುಷ್ಯನ ನಡತೆಯನ್ನು ಖಂಡಿಸಿದರೂ ಅವನ ಕಾರ್ಯನೀತಿಗಾಗಿ ಮತ ಕೊಡುವೆನೆಂದರು. ಕೆಲವರು ಇದನ್ನು ನೋಡಿ ನಕ್ಕರು. ನಾವು ನಗಬಾರದು. ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಭಾರವಾದದ್ದು ಇದ್ದಾಗಲೇ ಮುಳ್ಳು ಅಲುಗಾಡುವದು. ಏನೂ ಅಲುಗಾಡದೆ ಕೂಗಿದವರ ವಿಷಯದಲ್ಲಿಯೇ ಹೆಚ್ಚು ಭಯಪಡತಕ್ಕದ್ದು.

3. ಕೋರೆಷನ ದೃಷ್ಟಾಂತವು ಎಷ್ಟರ ಮಟ್ಟಿಗೆ ಸಲ್ಲುವದು?

ಆ ದೇಶದ ಕೆಲವು ಬೋಧಕರು ಮತ್ತೊಂದು ನ್ಯಾಯವನ್ನು ತಂದರು. ಟ್ರಂಪರು 45ನೆಯ ಅಧ್ಯಕ್ಷರು. ಯೆಶಾಯನ ಗ್ರಂಥದ 45ನೆಯ ಅಧ್ಯಾಯದಲ್ಲಿ ಕೋರೆಷನು ಕರ್ತನ ಅಭಿಷಿಕ್ತನೆಂದು ಕರೆಯಲ್ಪಟ್ಟಿದ್ದಾನೆ. ದೇವರನ್ನು ಅರಿಯದ ಅರಸನಿಂದ ದೇವರು ತನ್ನ ಜನರನ್ನು ಬಿಡಿಸಿದಂತೆಯೇ ಈಗಲೂ ಮಾಡುತ್ತಾನೆ ಎಂಬದೇ.

ಇದರಲ್ಲಿ ಸತ್ಯವಾದ ಒಂದು ಭಾಗವುಂಟು. ಕ್ರಿಸ್ತಪೂರ್ವ 539ರಲ್ಲಿ ಬಾಬೆಲನ್ನು ಹಿಡಿದ ಪಾರಸಿಯ ಅರಸನಾದ ಕೋರೆಷನು ಸೆರೆಯಾದ ಯೆಹೂದ್ಯರನ್ನು ಸ್ವದೇಶಕ್ಕೆ ಹೋಗಗೊಟ್ಟನು. 1879ರಲ್ಲಿ ಬಾಬೆಲಿನ ಹಾಳುದಿಬ್ಬದಲ್ಲಿ ಅವನ ಕಾಲದ ಒಂದು ಮಣ್ಣಿನ ಉರುಳೆಯು ಸಿಕ್ಕಿತು. ಅದು ಲಂಡನ್ ಪಟ್ಟಣದ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ಅದರಲ್ಲಿ ಅವನು ತನಗೆ ಜಯ ಕೊಟ್ಟವನು ಮರ್ದೂಕನೆಂಬ ಬಾಬೆಲಿನ ದೇವತೆಯೆಂದು ಕೊಚ್ಚಿಕೊಳ್ಳುತ್ತಾನೆ. ದೇವರನ್ನು ಅರಿಯದೆಯೇ ಅವನು ದೇವರ ಕೆಲಸ ಮಾಡಿದನೆಂದು ಪ್ರವಾದಿಯು ಹೇಳಿದ್ದಕ್ಕೆ ಅವನ ಸ್ವಂತ ಉರುಳೆಯೇ ಸಾಕ್ಷಿ. ಆದಕಾರಣ ದೇವರು ಯಾರನ್ನಾದರೂ ಸಾಧನವಾಗಿ ಉಪಯೋಗಿಸಬಲ್ಲನೆಂಬದರಲ್ಲಿ ಸಂದೇಹವಿಲ್ಲ.

ಆದರೆ ಮೂರು ಸಂಗತಿಗಳನ್ನು ಮರೆಯಬಾರದು.

ಮೊದಲನೆಯದು. ಅಧ್ಯಾಯಗಳ ಅಂಕೆಗಳು ಪ್ರವಾದಿಯು ಬರೆದವುಗಳಲ್ಲ. ಅವು ಸುಮಾರು ಹದಿಮೂರನೆಯ ಶತಮಾನದಲ್ಲಿ ಓದುವವರ ಅನುಕೂಲಕ್ಕಾಗಿ ಹಾಕಲ್ಪಟ್ಟವು. 2025ರ ಜನವರಿ 20ರಂದು ಟ್ರಂಪರು 47ನೆಯ ಅಧ್ಯಕ್ಷರಾದರು. ಯೆಶಾಯನ 47ನೆಯ ಅಧ್ಯಾಯವು ಬಾಬೆಲಿನ ನಾಶವನ್ನು ಕುರಿತದ್ದು. ಇದನ್ನು ಹಿಡಿದು ನಾವು ಅವರಿಗೆ ಕೇಡು ನುಡಿಯಬಹುದೋ? ಸರ್ವಥಾ ಕೂಡದು. ಕೇಡಿಗೆ ಸಲ್ಲದ ಲೆಕ್ಕವು ಮೇಲಿಗೂ ಸಲ್ಲದು. ದೇವರ ವಾಕ್ಯವು ಪಂಚಾಂಗವಲ್ಲ.

ಎರಡನೆಯದು. ಸೆರೆಯಲ್ಲಿದ್ದ ಯೆಹೂದ್ಯರು ಕೋರೆಷನನ್ನು ಆರಿಸಲಿಲ್ಲ; ಅವನು ಅವರ ಮೇಲೆ ಬಂದನು. ಮತ ಹಾಕುವವನಾದರೋ ಆರಿಸುತ್ತಾನೆ. ಆರಿಸಿದ್ದಕ್ಕೆ ದೇವರ ಮುಂದೆ ಉತ್ತರವಾದಿಯಾಗುತ್ತಾನೆ. ದೇವರು ಕಳ್ಳನ ಕೈಯಿಂದಲೂ ಬಡವನಿಗೆ ರೊಟ್ಟಿ ಕೊಡಿಸಬಲ್ಲನು. ಅದರಿಂದ ಕಳ್ಳನನ್ನು ಊರಿನ ಗೌಡನನ್ನಾಗಿ ಮಾಡಬೇಕೆಂಬ ಅಪ್ಪಣೆಯು ಹುಟ್ಟುವದಿಲ್ಲ.

ಮೂರನೆಯದು. ಎಜ್ರನು ಕೋರೆಷನ ಆಜ್ಞೆಯನ್ನು ಬರೆದಿಟ್ಟಿದ್ದಾನೆ. ಅವನ ದೇವತೆಗಳನ್ನು ಯೆಹೋವನೆಂದು ಬರೆಯಲಿಲ್ಲ, ಅವನ ದೋಷವನ್ನು ಗುಣವೆಂದು ಬರೆಯಲಿಲ್ಲ. ಉಪಕಾರವನ್ನು ಉಪಕಾರವೆಂದು ಒಪ್ಪಿಕೊಳ್ಳುವದು ಬೇರೆ. ಉಪಕಾರಿಯನ್ನು ನಿರ್ದೋಷಿಯೆಂದು ಸಾರುವದು ಬೇರೆ.

4. ನಾತಾನನೂ ಯೋಹಾನನೂ

ದಾವೀದನೂ ಪಾಪಮಾಡಿದನಲ್ಲಾ ಎಂದು ಅನೇಕರು ಹೇಳುವದುಂಟು. ಹೌದು, ಮಾಡಿದನು. ಆದರೆ ಆ ಕಥೆಯಲ್ಲಿ ಅರಸನು ಒಬ್ಬನೇ ಇಲ್ಲ; ನಾತಾನನೂ ಇದ್ದಾನೆ. ಬಡವನ ಒಂದೇ ಒಂದು ಹೆಣ್ಣು ಕುರಿಮರಿಯ ಸಾಮ್ಯವನ್ನು ಹೇಳಿ, ಆ ಮನುಷ್ಯನು ನೀನೇ ಎಂದು ಸಿಂಹಾಸನದ ಮುಂದೆ ಬೆರಳು ತೋರಿಸಿದವನು ಅವನು. ದಾವೀದನು ಅತ್ತನು, ಪಾಪವನ್ನು ಅರಿಕೆಮಾಡಿದನು. ಈಗಿನವರು ದಾವೀದನ ಪಾಪವನ್ನು ದೃಷ್ಟಾಂತಕ್ಕೆ ತೆಗೆದುಕೊಂಡು, ನಾತಾನನ ಬೆರಳನ್ನೂ ದಾವೀದನ ಕಣ್ಣೀರನ್ನೂ ಬಿಟ್ಟುಬಿಡುತ್ತಾರೆ.

ನಾತಾನನು ದಾವೀದನ ವೈರಿಯಾಗಿರಲಿಲ್ಲವೆಂಬದನ್ನು ಚೆನ್ನಾಗಿ ಗಮನಿಸಿರಿ. ಅವನು ಅರಸನ ಪಕ್ಷದವನೇ. ಕೊನೆಗಾಲದಲ್ಲಿ ಸೊಲೊಮೋನನನ್ನು ಪಟ್ಟಕ್ಕೆ ತರುವದರಲ್ಲಿಯೂ ಅವನ ಕೈ ಇತ್ತು. ಆದಕಾರಣ ಬೆಂಬಲವೂ ಗದರಿಕೆಯೂ ಒಂದೇ ಬಾಯಲ್ಲಿ ಇರಕೂಡದೆಂಬ ಮಾತು ಸುಳ್ಳು. ಸ್ನಾನಿಕನಾದ ಯೋಹಾನನನ್ನು ನೋಡಿರಿ. ಹೆರೋದನು ಅವನ ಮಾತನ್ನು ಇಷ್ಟದಿಂದ ಕೇಳುತ್ತಿದ್ದನೆಂದು ಮಾರ್ಕನು ಹೇಳುತ್ತಾನೆ. ಹೆರೋದ್ಯಳ ವಿಷಯವೊಂದನ್ನು ಬಿಟ್ಟಿದ್ದರೆ ಯೋಹಾನನಿಗೆ ಅರಮನೆಯಲ್ಲಿ ಸ್ಥಾನವಿರುತ್ತಿತ್ತು. ಅವನು ಆ ಒಂದನ್ನೇ ಬಿಡಲಿಲ್ಲ.

ಅಮೇರಿಕಾದಲ್ಲಿ ಇಂಥ ಮಾತು ಒಂದು ಸಾರಿ ಬೆಂಬಲಿಗರ ಬಾಯಿಂದಲೇ ಬಂದದ್ದುಂಟು. 2018ರಲ್ಲಿ ಅಪ್ಪಣೆಯಿಲ್ಲದೆ ಗಡಿದಾಟಿ ಬಂದ ಬಡ ವಲಸೆಗಾರರ ಮಕ್ಕಳನ್ನು ಅಧಿಕಾರಿಗಳು ತಂದೆತಾಯಿಗಳಿಂದ ಅಗಲಿಸುತ್ತಿದ್ದರು. ಆ ದೇಶದ ಮುಖ್ಯ ನ್ಯಾಯವಾದಿಯಾಗಿದ್ದ ಜೆಫ್ ಸೆಷನ್ಸ್ ಎಂಬವರು ರೋಮಾಪತ್ರಿಕೆಯ 13ನೆಯ ಅಧ್ಯಾಯವನ್ನು ಹೇಳಿ ಕಾನೂನಿಗೆ ಅಧೀನರಾಗಬೇಕೆಂದರು. ಆದರೆ ಟ್ರಂಪರ ಪ್ರಸಿದ್ಧ ಬೆಂಬಲಿಗರಾದ ಬೋಧಕ ಫ್ರಾಂಕ್ಲಿನ್ ಗ್ರಹಾಂ ಕುಟುಂಬಗಳನ್ನು ಹರಿದುಹಾಕುವದು ನಾಚಿಕೆಗೇಡೆಂದು ಬಹಿರಂಗವಾಗಿ ಹೇಳಿದರು. ತಪ್ಪಿನ ಹೊರೆಯನ್ನು ಮಾತ್ರ ಹಿಂದಿನ ಅನೇಕ ವರುಷಗಳ ರಾಜಕಾರಣಿಗಳ ಮೇಲೆ ಹೊರಿಸಿದರು. ಬೇರೆ ಬೇರೆ ಪಂಗಡಗಳ ಸಭೆಗಳೂ ಮಾತಾಡಿದವು. ಜೂನ್ 20ರಂದು ಅಧ್ಯಕ್ಷರು ಆ ಪದ್ಧತಿಯನ್ನು ನಿಲ್ಲಿಸುವ ಆಜ್ಞೆಗೆ ರುಜುಹಾಕಿದರು. ಇದರಿಂದ ನಾವು ಕಲಿಯುವದೇನಂದರೆ, ಬೆಂಬಲಿಸುವವನ ಗದರಿಕೆಗೆ ವೈರಿಯ ಗದರಿಕೆಗಿಂತಲೂ ಹೆಚ್ಚು ಬಲವುಂಟು. ಆ ಬಲವನ್ನು ಉಪಯೋಗಿಸದೆ ಹೂಳಿಡುವವನು ತಲಾಂತನ್ನು ನೆಲದಲ್ಲಿ ಹೂಳಿಟ್ಟವನ ಹಾಗೆ ಲೆಕ್ಕ ಕೊಡಬೇಕಾಗುವದು.

5. ಒಬ್ಬ ಸುವಾರ್ತಿಕನ ಅನುಭವ

ಬಿಲ್ಲಿ ಗ್ರಹಾಂ ಎಂಬ ಸುವಾರ್ತಿಕರ ಹೆಸರನ್ನು ನಮ್ಮ ಸಭೆಗಳಲ್ಲಿ ಕೇಳದವರು ಕಡಿಮೆ. 1956ರಲ್ಲಿ ಅವರು ನಮ್ಮ ದೇಶಕ್ಕೂ ಬಂದು ಬೋಧಿಸಿದರು. ರಿಚರ್ಡ್ ನಿಕ್ಸನ್ ಎಂಬ ರಾಜಕಾರಣಿಯು ಅವರಿಗೆ ಆಪ್ತ ಸ್ನೇಹಿತರು. ನಿಕ್ಸನರು ಅಧ್ಯಕ್ಷರಾದ ಮೇಲೆ 1970ರಲ್ಲಿ ನಾಕ್ಸ್‌ವಿಲ್ ಪಟ್ಟಣದ ಸುವಾರ್ತಾ ಕೂಟದ ವೇದಿಕೆಯ ಮೇಲೆಯೇ ಅವರನ್ನು ಮಾತಾಡಗೊಟ್ಟರು. 1972ರ ಜೂನ್ 17ರಂದು ನಿಕ್ಸನರ ಪಕ್ಷದ ಚುನಾವಣಾ ಕೆಲಸಕ್ಕೆ ಸೇರಿದ ಜನರು ವಾಷಿಂಗ್ಟನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರು ಪಕ್ಷದ ಕಚೇರಿಗೆ ಕನ್ನಹಾಕಿ ಸಿಕ್ಕಿಬಿದ್ದರು. ಅದನ್ನು ಮುಚ್ಚುವದಕ್ಕೆ ಅಧ್ಯಕ್ಷರೇ ಯತ್ನಿಸಿದ್ದರು. 1974ರಲ್ಲಿ ಅವರ ಕೋಣೆಯ ಸಂಭಾಷಣೆಗಳು ಅಚ್ಚಾಗಿ ಹೊರಬಂದಾಗ ಗ್ರಹಾಮರು ಅವುಗಳನ್ನು ಓದಿ ಬಹಳವಾಗಿ ನೊಂದರು. ತಾನು ಬಲ್ಲೆನೆಂದುಕೊಂಡ ಮನುಷ್ಯನು ಬೇರೆ, ಆ ಹಾಳೆಗಳಲ್ಲಿದ್ದ ಮನುಷ್ಯನು ಬೇರೆ. ಆಗಸ್ಟ್ 9ರಂದು ನಿಕ್ಸನರು ಪದವಿಯನ್ನು ಬಿಟ್ಟರು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. 1972ರಲ್ಲಿ ಆ ಕೋಣೆಯಲ್ಲಿ ಅಧ್ಯಕ್ಷರು ಯೆಹೂದ್ಯರನ್ನು ಕುರಿತು ಕೆಟ್ಟದ್ದಾಗಿ ಮಾತಾಡಿದಾಗ ಗ್ರಹಾಮರೂ ಅದಕ್ಕೆ ದನಿಗೂಡಿಸಿದ ಧ್ವನಿಮುದ್ರಣವು ಮೂವತ್ತು ವರುಷಗಳ ತರುವಾಯ 2002ರಲ್ಲಿ ಹೊರಬಂತು. ವೃದ್ಧರಾಗಿದ್ದ ಅವರು ಕ್ಷಮೆ ಬೇಡಿದರು. ಸಹಸ್ರಾರು ಜನರ ಮುಂದೆ ಧೈರ್ಯದಿಂದ ಸಾರಿದ ನಾಲಿಗೆಯು ಒಬ್ಬ ಅಧಿಕಾರಿಯ ಕೋಣೆಯಲ್ಲಿ ಬಾಗಿತು. ಸಿಂಹಾಸನದ ಸಮೀಪವು ಎಂಥ ಬೋಧಕನನ್ನೂ ಬಗ್ಗಿಸಬಲ್ಲದೆಂಬ ಎಚ್ಚರಿಕೆಯು ನಮಗೆ ಇದರಲ್ಲಿ ಉಂಟು. ಆಮೇಲಿನ ವರುಷಗಳಲ್ಲಿ ಗ್ರಹಾಮರು ಸುವಾರ್ತಿಕನು ಯಾವ ಪಕ್ಷಕ್ಕೂ ಕಟ್ಟಿಬೀಳಬಾರದೆಂದು ಪದೇ ಪದೇ ಹೇಳಿದರು. ಆದರೆ ಸ್ನೇಹವನ್ನು ಕಡಿದುಕೊಳ್ಳಲಿಲ್ಲ. 1994ರಲ್ಲಿ ನಿಕ್ಸನರ ಸಮಾಧಿಯ ಆರಾಧನೆಯನ್ನು ಅವರೇ ನಡಿಸಿದರು. ಪಾಪಿಯಾದ ಸ್ನೇಹಿತನ ಸಮಾಧಿಯ ಬಳಿಯಲ್ಲಿ ನಿಲ್ಲುವದು ಕ್ರೈಸ್ತನ ಪ್ರೀತಿ. ಅವನ ವೇದಿಕೆಯ ಮೇಲೆ ಸುವಾರ್ತೆಯನ್ನು ಒತ್ತೆಯಿಡುವದು ಪ್ರೀತಿಯಲ್ಲ.

6. ನಾವು ಇಟ್ಟುಕೊಳ್ಳತಕ್ಕ ನಿಯಮಗಳು

ಯಾರಿಗೆ ಮತ ಕೊಡತಕ್ಕದ್ದೆಂದು ಈ ಪಾಠವು ಹೇಳುವದಿಲ್ಲ. ಹೇಳುವ ಅಧಿಕಾರವೂ ಇದಕ್ಕಿಲ್ಲ. ಆದರೆ ಹೇಗೆ ಕೊಡತಕ್ಕದ್ದೆಂಬ ವಿಷಯದಲ್ಲಿ ವೇದವು ಮೌನವಾಗಿಲ್ಲ.

ಒಂದನೆಯ ನಿಯಮ: ಒಂದೇ ತೂಕದ ಕಲ್ಲು. ಎರಡು ವಿಧದ ತೂಕದ ಕಲ್ಲುಗಳು ಕರ್ತನಿಗೆ ಅಸಹ್ಯವೆಂದು ಜ್ಞಾನೋಕ್ತಿ 20:10ರಲ್ಲಿ ಕಲಿಯುತ್ತೇವೆ. ಎದುರು ಪಕ್ಷದವನ ಹಾದರವನ್ನು ಹಾದರವೆಂದು ಕರೆದವನು ತನ್ನ ಪಕ್ಷದವನ ಹಾದರವನ್ನು ದೌರ್ಬಲ್ಯವೆಂದು ಕರೆಯಕೂಡದು. 30 ಎಂಬದು 72 ಆದದ್ದು ಈ ಕಲ್ಲು ಬದಲಾದದ್ದರಿಂದಲೇ.

ಎರಡನೆಯದು: ಕೊಡುವದು ಮತ, ಮನಸ್ಸಾಕ್ಷಿಯಲ್ಲ. ಇಬ್ಬರೂ ದೋಷಿಗಳೆಂದು ತೋರಿದಾಗ ಕಡಿಮೆ ಕೇಡನ್ನು ಆರಿಸುವದು ಕೆಲವರಿಗೆ ಸರಿಯೆಂದು ಕಾಣಬಹುದು. ಮತ ಕೊಡದಿರುವದು ಕೆಲವರಿಗೆ ಸರಿಯೆಂದು ಕಾಣಬಹುದು. ಯಾವದನ್ನು ಮಾಡಿದರೂ ಸುಳ್ಳನ್ನು ಸತ್ಯವೆಂದು ಹೇಳುವ ಹಂಗು ನಮಗಿಲ್ಲ. ಓಬದ್ಯನು ಅಹಾಬನ ಅರಮನೆಯ ಮೇಲ್ವಿಚಾರಕನಾಗಿದ್ದನು. ಆದರೂ ನೂರು ಮಂದಿ ಪ್ರವಾದಿಗಳನ್ನು ಗವಿಯಲ್ಲಿ ಅಡಗಿಸಿ ಸಾಕಿದನು.

ಮೂರನೆಯದು: ನಮ್ಮ ಲಾಭವನ್ನು ಮಾತ್ರ ನೋಡಬಾರದು. ಒಬ್ಬ ನಾಯಕನು ನಮ್ಮ ಕೇರಿಗೆ ರಸ್ತೆಯನ್ನೋ ಸಮಾಧಿಗೆ ನೆಲವನ್ನೋ ಕೊಡಿಸಿದ್ದರೆ ಕೃತಜ್ಞರಾಗಿರುವದು ಯುಕ್ತವೇ. ಆದರೆ ಅದೇ ಕೈಯಿಂದ ಪಕ್ಕದ ಕೇರಿಯವರಿಗೆ ಅನ್ಯಾಯವಾದರೆ, ನಮ್ಮ ಬಾಯಿ ಮುಚ್ಚಿಸುವದಕ್ಕೆ ಆ ನೆಲವೇ ಲಂಚವಾಗುವದು. ಅತ್ಯಲ್ಪನಾದವನಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಯೇಸುಸ್ವಾಮಿಯು ಮತ್ತಾಯ 25ರಲ್ಲಿ ಕಲಿಸಿದ್ದಾನೆ. ಆ ಅಲ್ಪನು ನಮ್ಮ ಸಭೆಯವನೇ ಆಗಿರಬೇಕೆಂದು ಹೇಳಲಿಲ್ಲ.

ನಾಲ್ಕನೆಯದು: ಪ್ರಸಂಗಪೀಠವನ್ನು ಯಾವ ಪಕ್ಷಕ್ಕೂ ಕೊಡಬಾರದು. ಹಿರಿಯರು ಸಭೆಯ ಮತಗಳನ್ನು ಹೊರೆಕಟ್ಟಿ ಒಬ್ಬನಿಗೆ ಒಪ್ಪಿಸುತ್ತೇವೆಂದು ಮಾತುಕೊಡುವದು ಕುರಿಗಳನ್ನು ಮಾರಿದಂತೆಯೇ ಸರಿ. ಮತವು ಗುಪ್ತವಾಗಿರುವದು ಪ್ರತಿಯೊಬ್ಬನೂ ದೇವರ ಮುಂದೆ ತಾನೇ ನಿಲ್ಲುವದಕ್ಕಾಗಿ.

ಐದನೆಯದು: ಸಹೋದರತ್ವವನ್ನು ಮುರಿಯಬಾರದು. ಅಮೇರಿಕಾದಲ್ಲಿ ಬಿಳಿಯ ಸುವಾರ್ತಾ ಪಂಗಡದವರು ಒಂದು ಕಡೆ ಹೋದಾಗ ಕರಿಯ ಪ್ರೊಟೆಸ್ಟೆಂಟರಲ್ಲಿ ಬಹುಮಂದಿ ಇನ್ನೊಂದು ಕಡೆ ಹೋದರು. ಇಬ್ಬರ ಕೈಯಲ್ಲಿಯೂ ಒಂದೇ ಸತ್ಯವೇದ. ಬಿಲ್ಲಿ ಗ್ರಹಾಮರು 1956ರಲ್ಲಿ ಸ್ಥಾಪಿಸಿದ ಪತ್ರಿಕೆಯೇ 2019ರ ಡಿಸೆಂಬರಿನಲ್ಲಿ ಟ್ರಂಪರನ್ನು ಪದವಿಯಿಂದ ತೆಗೆಯಬೇಕೆಂದು ಬರೆಯಿತು. ಅವರ ಮಗನು ಅದನ್ನು ಖಂಡಿಸಿದನು. ಒಂದು ಮನೆಯೊಳಗೇ ಇಂಥ ಭೇದವಾಯಿತು. ಆದರೆ ಕರ್ತನು ಹನ್ನೆರಡು ಮಂದಿಯನ್ನು ಆರಿಸಿದಾಗ, ತೆರಿಗೆ ಎತ್ತುತ್ತಿದ್ದ ಮತ್ತಾಯನನ್ನೂ ಮತಾಭಿಮಾನಿಯೆನಿಸಿಕೊಂಡ ಸೀಮೋನನನ್ನೂ ಒಂದೇ ಮೇಜಿಗೆ ಕೂಡಿಸಿದನು. ಆ ಮೇಜಿನಿಂದ ಒಬ್ಬನನ್ನು ಎಬ್ಬಿಸುವ ಅಧಿಕಾರವು ಯಾವ ಪಕ್ಷಕ್ಕೂ ಇಲ್ಲ.

ಆರನೆಯದು: ಪ್ರಾರ್ಥನೆಯನ್ನು ಬಿಡಬಾರದು. ಅರಸರಿಗೋಸ್ಕರ ವಿಜ್ಞಾಪಿಸಬೇಕೆಂದು ಪೌಲನು ತಿಮೊಥೆಯನಿಗೆ ಬರೆದನು. ರೋಮಾಪತ್ರಿಕೆಯನ್ನು ಬರೆದಾಗ ಆಳುತ್ತಿದ್ದವನು ನೀರೋ. ನಾವು ಮತ ಕೊಟ್ಟವನಿಗಾಗಿ ಅವನು ಪಾಪದಿಂದ ತಿರುಗಲೆಂದೂ, ಮತ ಕೊಡದವನಿಗಾಗಿ ಅವನು ನ್ಯಾಯವಾಗಿ ಆಳಲೆಂದೂ ಬೇಡತಕ್ಕದ್ದು. ಒಬ್ಬನಿಗೋಸ್ಕರ ಪ್ರಾರ್ಥಿಸುವವನು ಅವನನ್ನು ಪೂಜಿಸಲಾರನು, ದ್ವೇಷಿಸಲೂ ಆರನು.

ಅರಸರು ಏಳುತ್ತಾರೆ, ಅರಸರು ಬೀಳುತ್ತಾರೆ. ಕೋರೆಷನ ರಾಜ್ಯವು ಮಣ್ಣಿನ ಉರುಳೆಯಾಗಿ ಉಳಿಯಿತು. ಹೆರೋದನ ಅರಮನೆಯು ಹಾಳಾಯಿತು. ನಮ್ಮ ಹೆಸರು ಯಾವ ಪಕ್ಷದ ಪಟ್ಟಿಯಲ್ಲಿದ್ದರೂ ಇಲ್ಲದಿದ್ದರೂ, ಕುರಿಮರಿಯಾದಾತನ ಜೀವಗ್ರಂಥದಲ್ಲಿ ಇರುವದೇ ನಮಗೆ ಸಾಕು.

ಸಭಾಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಕೋರೆಷನನ್ನು ದೇವರು ಉಪಯೋಗಿಸಿದ್ದಕ್ಕೂ ನಾವು ಒಬ್ಬನನ್ನು ಆರಿಸುವದಕ್ಕೂ ಇರುವ ಭೇದವೇನು?
2. ನಾತಾನನು ದಾವೀದನ ಪಕ್ಷದವನಾಗಿದ್ದೂ ಗದರಿಸಿದ್ದರಿಂದ ನಾವು ಏನು ಕಲಿಯುತ್ತೇವೆ?
3. ನಾವು ಮೆಚ್ಚುವ ನಾಯಕನ ಯಾವ ಕಾರ್ಯವನ್ನು ತಪ್ಪೆಂದು ಬಾಯಿಬಿಟ್ಟು ಹೇಳಿದ್ದೇವೆ? ಹೇಳದಿದ್ದರೆ, ಯಾಕೆ?
4. ಬೇರೆ ಪಕ್ಷಕ್ಕೆ ಮತ ಕೊಟ್ಟ ವಿಶ್ವಾಸಿಯೊಂದಿಗೆ ಕರ್ತನ ಭೋಜನಕ್ಕೆ ಕೂಡ್ರುವದು ನಮಗೆ ಕಷ್ಟವಾಗಿದೆಯೋ?